ಹಳೆಯ ಔಟ್‌ಬೋರ್ಡ್‌ನ ಗೇರ್ ಆಯಿಲ್‌ಗೆ ನೀರು: ಪ್ರೆಶರ್ ಟೆಸ್ಟರ್ ಹಲವು ಮಳೆಗಾಲ ಬಳಸಿದ ಮೇಲೆ

ಔಟ್‌ಬೋರ್ಡ್ ಎಂದರೆ ದೋಣಿಯ ಹಿಂಬದಿಗೆ ಕಟ್ಟುವ ಎಂಜಿನ್. ನೀರಲ್ಲಿ ಮುಳುಗಿರುವ ಅದರ ಗೇರ್‌ಕೇಸಿನ ಕೆಳಗಿನ ಪ್ಲಗ್ ಬಿಚ್ಚಿದಾಗ ಗೇರ್ ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ ಎಂದೇ ಲೆಕ್ಕ. ಹೆಚ್ಚಿನವರು ಹೊಸ ಆಯಿಲ್ ತುಂಬಿ ದೋಣಿ ಇಳಿಸಿಬಿಡುತ್ತಾರೆ, ಸ್ವಲ್ಪ ದಿನಕ್ಕೆ ಮತ್ತೆ ಅದೇ ಬಣ್ಣ. ನೀರು ನುಗ್ಗುವ ಜಾಗ ಹುಡುಕದೆ ಆಯಿಲ್ ಬದಲಿಸಿ ಪ್ರಯೋಜನವಿಲ್ಲ. ಕೈಪಂಪು, 30 ಪಿಎಸ್‌ಐವರೆಗಿನ ಗೇಜ್, ರಬ್ಬರ್ ಹೋಸ್, ಅಡಾಪ್ಟರ್ ಇಷ್ಟೇ ಇರುವ ಈ ಪ್ರೆಶರ್ ಟೆಸ್ಟರ್ ಗೇರ್‌ಕೇಸಿಗೆ ಗಾಳಿ ತುಂಬಿ ಆ ಜಾಗ ತೋರಿಸುತ್ತದೆ. ಹಾರಂಗಿ ಹಿನ್ನೀರಿನಲ್ಲಿ ಓಡುವ 15 ಎಚ್‌ಪಿಯ ಹಳೆಯ ನಾಲ್ಕು ಸ್ಟ್ರೋಕ್ ಎಂಜಿನ್‌ಗೆ ಬಳಸಿದ ಅನುಭವದ ಮೇಲೆ ಬರೆದದ್ದು ಇದು.

ಮೊದಲು ಕಿಲ್ ಕ್ಲಿಪ್ (ಎಳೆದರೆ ಎಂಜಿನ್ ನಿಲ್ಲಿಸುವ ಸುರಕ್ಷತಾ ಕ್ಲಿಪ್) ತೆಗೆದು, ಸ್ಪಾರ್ಕ್ ಪ್ಲಗ್ ವೈರ್ ಕಳಚಿಡಿ. ಆಯಿಲ್ ಪೂರ್ತಿ ಬಸಿಯಲಿ. ಮೇಲಿನ ಪ್ಲಗ್‌ಗೆ ಹೊಸ ವಾಷರ್ ಹಾಕಿ ಬಿಗಿ ಮಾಡಿ, ಕೆಳಗಿನ ತೂತಿಗೆ ಅಡಾಪ್ಟರ್ ತಿರುಗಿಸಿ. ನೇರವಾಗಿ ಹೆಚ್ಚು ಒತ್ತಡ ಕೊಡಬೇಡಿ, 3ರಿಂದ 6 ಪಿಎಸ್‌ಐಗೆ ನಿಲ್ಲಿಸಿ ನೋಡಿ. ಸವೆದ ಸೀಲಿನ (ಶಾಫ್ಟ್ ಸುತ್ತ ನೀರು ತಡೆಯುವ ರಬ್ಬರ್ ಉಂಗುರ) ತುಟಿ ಕಡಿಮೆ ಒತ್ತಡದಲ್ಲಿ ಸೋರಿ, ಒತ್ತಡ ಹೆಚ್ಚಿದಾಗ ಶಾಫ್ಟ್‌ಗೆ ಒತ್ತಿಕೊಂಡು ಸುಮ್ಮನಾಗಿಬಿಡುತ್ತದೆ. ಆಮೇಲೆ 10–12ಕ್ಕೆ ಏರಿಸಿ ಐದು ನಿಮಿಷ ಬಿಡಿ. ಮುಳ್ಳು ಅಲುಗಬಾರದು. ಈ ನಡುವೆ ನ್ಯೂಟ್ರಲ್‌ನಲ್ಲಿ ಪ್ರೊಪೆಲ್ಲರ್ ಕೈಯಲ್ಲಿ ತಿರುಗಿಸಿ, ಶಾಫ್ಟನ್ನು ಅಕ್ಕಪಕ್ಕ ಒತ್ತಿ ನೋಡಿ. ಸುತ್ತ ಸೋಪಿನ ನೀರು ಸಿಂಪಡಿಸಿದರೆ ಸೋರುವಲ್ಲಿ ಗುಳ್ಳೆ ಏಳುತ್ತದೆ. ಟಯರ್ ಅಂಗಡಿಯ ಕಂಪ್ರೆಸರ್ ಮಾತ್ರ ಬೇಡವೇ ಬೇಡ, ಚೆನ್ನಾಗಿದ್ದ ಸೀಲೂ ಕಿತ್ತು ಬರುತ್ತದೆ.

ಗುಳ್ಳೆ ಹೆಚ್ಚಾಗಿ ಕಾಣುವುದು ಪ್ರೊಪೆಲ್ಲರ್ ಶಾಫ್ಟಿನ ಸೀಲಿನಲ್ಲಿ. ಹಿನ್ನೀರಿನಲ್ಲಿ ಬಿಟ್ಟ ನೈಲಾನ್ ಬಲೆಯ ದಾರ ಪ್ರೊಪೆಲ್ಲರ್ ಹಿಂದೆ ಸುತ್ತಿಕೊಂಡು ಸೀಲಿನ ತುಟಿ ಕೊಯ್ಯುತ್ತದೆ. ಹಾಗಾಗಿ ಪ್ರೊಪೆಲ್ಲರ್ ಕಳಚಿ ನೋಡುವುದನ್ನು ತಪ್ಪಿಸಬೇಡಿ. ಇನ್ನೊಂದು ಜಾಗ ವಾಟರ್ ಪಂಪ್ ಕೆಳಗಿನ ಡ್ರೈವ್ ಶಾಫ್ಟ್ ಸೀಲು. ಮಳೆಗಾಲದ ಕೆನ್ನೀರಿನ ಹೂಳು ಪಂಪಿನೊಳಗಿನ ರಬ್ಬರ್ ಚಕ್ರವಾದ ಇಂಪೆಲ್ಲರ್ ಜೊತೆಗೆ ಇದನ್ನೂ ತಿನ್ನುತ್ತದೆ. ಶಾಫ್ಟ್ ಮೇಲೆ ಉಗುರಿಗೆ ಸಿಗುವಷ್ಟು ಗೀರು ಬಿದ್ದಿದ್ದರೆ ಹೊಸ ಸೀಲು ಹಾಕಿದರೂ ಸೋರುತ್ತದೆ. ಜಾಗವಿದ್ದರೆ ಸೀಲನ್ನು ಒಂದೆರಡು ಮಿ.ಮೀ. ಬೇರೆ ಆಳದಲ್ಲಿ ಕೂರಿಸಬೇಕು, ಇಲ್ಲವೇ ಶಾಫ್ಟ್ ಮೇಲೆ ಸ್ಲೀವ್ (ತೆಳು ಲೋಹದ ಕವಚ) ಹಾಕಿಸಬೇಕು. ಗೇರ್ ಹಾಕುವ ರಾಡಿನ ಓ-ರಿಂಗ್ ಮತ್ತು ಬೇರಿಂಗ್ ಕ್ಯಾರಿಯರ್ (ಪ್ರೊಪೆಲ್ಲರ್ ಶಾಫ್ಟಿನ ಬೇರಿಂಗ್ ಹಿಡಿದಿಡುವ ಭಾಗ) ಓ-ರಿಂಗ್ ಕೂಡ ನೋಡಿ. ಪ್ಲಗ್ ವಾಷರ್ ಅಂತೂ ಪ್ರತಿ ಸಲ ಹೊಸದು.

ತೋಟದ ಪವರ್ ಟಿಲ್ಲರ್, ಸ್ಪ್ರೇ ಪಂಪ್‌ಗಳಿಗೆ ಸಿಗುವ ಸೀಲು ಅಳತೆಗೆ ಕೂತರೂ ಅದರ ಸ್ಪ್ರಿಂಗ್ ಸಾಮಾನ್ಯವಾಗಿ ಸಾದಾ ಉಕ್ಕಿನದು, ನೀರಲ್ಲಿ ತುಕ್ಕು ಹಿಡಿದು ತುಂಡಾಗುತ್ತದೆ. ಸ್ಟೇನ್‌ಲೆಸ್ ಸ್ಪ್ರಿಂಗ್‌ನದ್ದೇ ಬೇಕು. ಮಂಗಳೂರು, ಮಲ್ಪೆ ಕಡೆಯ ದೋಣಿ ಬಿಡಿಭಾಗದ ಅಂಗಡಿಗಳಲ್ಲಿ ಕೇಳಿ. ಹೊರದೇಶದ ಕೈಪಿಡಿಗಳು ನೀರು ಹೆಪ್ಪುಗಟ್ಟಿ ಕೇಸಿಂಗ್ ಒಡೆಯುವುದಕ್ಕೆ ಹೆದರಿಸುತ್ತವೆ. ಕೊಡಗಿನಲ್ಲಿ ಆ ಭಯವಿಲ್ಲ, ಇಲ್ಲಿನ ಶತ್ರು ತುಕ್ಕು. ಓಡಿಸದೆ ತಿಂಗಳುಗಟ್ಟಲೆ ಬಿಟ್ಟಾಗ ತಳಕ್ಕಿಳಿದ ನೀರು ಬೇರಿಂಗ್‌ಗಳನ್ನು ತಿನ್ನುತ್ತದೆ.

ಸೀಲು ಸರಿಮಾಡಿದ ಮೇಲೆ ಆಯಿಲ್ ಕೆಳಗಿನ ತೂತಿನಿಂದಲೇ ತುಂಬಿ, ಮೇಲಿನಿಂದ ಗುಳ್ಳೆಯಿಲ್ಲದೆ ಹರಿಯುವವರೆಗೆ. ಮೊದಲು ಮೇಲಿನ ಪ್ಲಗ್ ಮುಚ್ಚಿ, ನಂತರ ಆಯಿಲ್ ತುಂಬುವ ಪಂಪ್ ತೆಗೆದು ಕೆಳಗಿನದು. ಈ ಗಾತ್ರದ ಎಂಜಿನ್‌ಗೆ ಕಾಲು ಲೀಟರ್ ಆಸುಪಾಸು ಹಿಡಿಯುತ್ತದೆ, ಸರಿಯಾದ ಅಳತೆ ಕೈಪಿಡಿಯಲ್ಲಿ ನೋಡಿ. ಹತ್ತು ಹದಿನೈದು ನಿಮಿಷ ಓಡಿಸಿ ಬಸಿದು ಮತ್ತೊಮ್ಮೆ ಹೊಸದು ತುಂಬಿದರೆ ಒಳಗೆ ಅಂಟಿದ್ದ ಹಾಲುಬಣ್ಣದ್ದೂ ಹೋಗುತ್ತದೆ.

ಟೆಸ್ಟರ್‌ನ ಕೊರತೆಯನ್ನೂ ಹೇಳಬೇಕು. ಗೇಜ್ ಇನ್ನೂ ಚೆನ್ನಾಗಿದೆ, ಹೋಸ್ ಮಾತ್ರ ಗಟ್ಟಿಯಾಗಿ ತುದಿ ಬಿರಿಯಿತು. ಅಡಾಪ್ಟರ್‌ನ ಸಣ್ಣ ಓ-ರಿಂಗ್ ಸೋರಿದರೆ ಗೇರ್‌ಕೇಸೇ ಸೋರುವಂತೆ ಕಾಣುತ್ತದೆ. ಆದ್ದರಿಂದ ಅಡಾಪ್ಟರ್ ಬಾಯಿ ಮುಚ್ಚಿ, ಒತ್ತಡ ನಿಲ್ಲುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಜಪಾನಿನ ಹಲವು ಎಂಜಿನ್‌ಗಳಿಗೆ 8 ಮಿ.ಮೀ. ಥ್ರೆಡ್ ಬೇಕು, ಕೊಳ್ಳುವಾಗ ಹಳೆಯ ಪ್ಲಗ್ ಜೊತೆಗೆ ಒಯ್ಯಿರಿ. ದೊಡ್ಡ ಕೊರತೆ ಎಂದರೆ ಇದರಲ್ಲಿ ವ್ಯಾಕ್ಯೂಮ್ ಬರುವುದಿಲ್ಲ, ಅಂದರೆ ಒಳಗಿನ ಗಾಳಿ ಹೀರಿ ಪರೀಕ್ಷಿಸಲಾಗದು. ಓಡಿ ಬಿಸಿಯಾದ ಗೇರ್‌ಕೇಸ್ ತಣ್ಣೀರಿನಲ್ಲಿ ಆರುವಾಗ ಒಳಗಿನ ಗಾಳಿ ಕುಗ್ಗಿ ಹೊರಗಿನ ನೀರನ್ನು ಎಳೆದುಕೊಳ್ಳುತ್ತದೆ. ಹೊರಮುಖದ ಸೀಲು ಆಗ ಸೋತರೆ ಒಳಗಿನಿಂದ ಕೊಟ್ಟ ಒತ್ತಡದಲ್ಲಿ ಅದು ಗೊತ್ತಾಗದು. ಒತ್ತಡ ಸರಿಯಿದ್ದೂ ಆಯಿಲ್ ಬೆಳ್ಳಗಾಗುತ್ತಿದ್ದರೆ ವ್ಯಾಕ್ಯೂಮ್ ಪಂಪ್ ಇರುವವರ ಬಳಿ ತೋರಿಸಿ.

ಗೇರ್‌ಕೇಸಿನದ್ದಲ್ಲ, ಮೇಲ್ಭಾಗದ ಎಂಜಿನ್‌ನ ಆಯಿಲ್ ಕೆಟ್ಟಿದ್ದರೆ ಈ ಸಾಧನ ಉಪಯೋಗಕ್ಕೆ ಬರದು. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಏರಿ ಪೆಟ್ರೋಲ್ ವಾಸನೆ ಬಂದರೆ ಅದು ನೀರಲ್ಲ, ಇಂಧನ. ಎಂಜಿನ್ ಸರಿಯಾಗಿ ಬಿಸಿಯಾಗದಂತೆ ಥರ್ಮೋಸ್ಟಾಟ್ ತೆರೆದೇ ಉಳಿದಿದೆಯೇ ನೋಡಿ. ಮಂಜಿನ ಬೆಳಗಿನ ಚಿಕ್ಕ ಓಟಗಳಿಂದ ಆಯಿಲ್ ಮುಚ್ಚಳದಡಿ ತೆಳು ಬಿಳಿ ನೊರೆ ಬಂದರೆ ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ, ಮತ್ತೆ ಪರೀಕ್ಷಿಸಿ. ಆಯಿಲ್ ಇಡೀ ಬೆಳ್ಳಗಾಗಿದ್ದರೆ ಎಂಜಿನ್ ಚಾಲೂ ಮಾಡಬೇಡಿ. ಕಂಪ್ರೆಷನ್ ಅಳೆಸಿ, ಹೆಡ್ ಗ್ಯಾಸ್ಕೆಟ್ ಮತ್ತು ಎಕ್ಸಾಸ್ಟ್ ಕವರ್ ಗ್ಯಾಸ್ಕೆಟ್ ಬಿಚ್ಚಿಸಿ ನೋಡಿಸಿ.