ಮ್ಯೂನಿಕ್‌ನಲ್ಲಿ ಅಗ್ಗದ ಗೆಸ್ಟ್‌ಹೌಸ್ ಹುಡುಕ್ತಿದ್ದೀರಾ? ದುಡ್ಡು ಕಳಿಸೋ ಮೊದಲು ಇದನ್ನ ಓದಿ

ಮ್ಯೂನಿಕ್‌ನಲ್ಲಿ ಸಿಟಿ ಟ್ಯಾಕ್ಸ್, ಅಂದ್ರೆ ರೂಮಿನಲ್ಲಿ ತಂಗೋರಿಂದ ನಗರದ ಆಡಳಿತ ತಗೊಳ್ಳೋ ತೆರಿಗೆ, ಅನ್ನೋದು ಇಲ್ಲ. ಇಲ್ಲವೇ ಇಲ್ಲ. ಇದೊಂದನ್ನ ಮೊದಲು ತಲೆಯಲ್ಲಿ ಇಟ್ಟುಕೊಳ್ಳಿ, ಮಿಕ್ಕಿದ್ದೆಲ್ಲ ಆಮೇಲೆ. ಯಾಕಂದ್ರೆ ಇಲ್ಲದ ಆ ತೆರಿಗೆಗೆ ನಾವು 42 ಯೂರೊ ಎಣಿಸಿಕೊಟ್ಟು ಬಂದಿದ್ದೀವಿ. ಅದೂ ನಗದು. ಕೊಟ್ಟ ಮೇಲೆ ಥ್ಯಾಂಕ್ಸ್ ಬೇರೆ ಹೇಳಿದ್ದು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತೆ.

ಜಾಗ ಯಾವುದು ಅಂದ್ರೆ ಹೌಪ್ಟ್‌ಬಾನ್‌ಹೋಫ್, ಅಂದ್ರೆ ಮುಖ್ಯ ರೈಲು ನಿಲ್ದಾಣದ ದಕ್ಷಿಣಕ್ಕೆ, ಶಿಲರ್‌ಸ್ಟ್ರಾಸೆ, ಗೋಯ್ಥೆಸ್ಟ್ರಾಸೆ, ಲಾಂಡ್‌ವೆಯರ್‌ಸ್ಟ್ರಾಸೆ ಇರುವ ಭಾಗ. ಅಗ್ಗದ ರೂಮು ಅಂತ ಹುಡುಕಿದರೆ ಎಲ್ಲರೂ ಬಂದು ಬೀಳೋದು ಅಲ್ಲೇ. ಮನೆಯವರೇ ನಡೆಸುವ ಸಣ್ಣ ಗೆಸ್ಟ್‌ಹೌಸ್‌ಗಳಿಗೆ ಇಲ್ಲಿ 'ಪೆನ್ಸಿಯೋನ್' ಅಂತಾರೆ. ಒಳ್ಳೆಯವು ಬೇಕಾದಷ್ಟಿವೆ, ಅದನ್ನೂ ಹೇಳಬೇಕು. ಇದು ಹಾಗಿರಲಿಲ್ಲ. ಹೆಸರು ಹಾಕಲ್ಲ, ಕೇಳಬೇಡಿ. ಅಮ್ಮ, ಮಗ, ಸೊಸೆ ಸೇರಿ ನಡೆಸೋದು, ಅಷ್ಟು ಸಾಕು.

ಲೆಕ್ಕ ಮೊದಲೇ ಇಡ್ತೀನಿ. ನಾಲ್ಕು ಜನ, ಅದರಲ್ಲಿ ಇಬ್ಬರು ಊರಿಂದ ಬಂದ ವಯಸ್ಸಾದವರು. ಎರಡು ರೂಮು, ಮೂರು ರಾತ್ರಿ, ರೂಮಿಗೆ 79 ಯೂರೊ. ಒಟ್ಟು 474. ಬುಕಿಂಗ್ ಸೈಟಿನ ಕಮಿಷನ್ ಉಳಿಯುತ್ತೆ ಅಂತ ನೇರವಾಗಿ ಮೇಲ್ ಮಾಡಿ ಬುಕ್ ಮಾಡಿದ್ದು. 30 ಶೇಕಡಾ ಮುಂಗಡ, 142.20 ಯೂರೊ, ಬ್ಯಾಂಕ್ ಮೂಲಕ ಹೋಯ್ತು. ಕೊನೆಗೆ ಕೈ ಬಿಟ್ಟ ದುಡ್ಡು 692. ಅಂದ್ರೆ 218 ಯೂರೊ ಹೆಚ್ಚು. ಈ 218ರಲ್ಲಿ ಶುದ್ಧ ಸುಳ್ಳು 42 ಮಾತ್ರ. ಮಿಕ್ಕ 176 ನಮ್ಮ ಕಣ್ಣೆದುರಿಗೇ ಬರೆದಿತ್ತು. ಮೇಲ್‌ನಲ್ಲೇ ಇತ್ತು. ಜರ್ಮನ್ ಓದೋಕೆ ಬರುತ್ತೆ ಅನ್ನೋ ಕೊಬ್ಬಿತ್ತಲ್ಲ, ಅದಕ್ಕೆ ಬಿದ್ದ ದಂಡ ಅದು.

ಮೊದಲ ಪೆಟ್ಟು ರೂಮಿನ ಬಾಗಿಲು ತೆಗೆದಾಗಲೇ ಬಿತ್ತು. ಮೇಲ್‌ನಲ್ಲಿ ಇದ್ದದ್ದು 'ಡೊಪ್ಪೆಲ್‌ಝಿಮರ್ ಮಿಟ್ ಡುಶೆ', ಅಂದ್ರೆ ಶವರ್ ಇರುವ ಡಬಲ್ ರೂಮು. ನಮ್ಮ ತಲೆಯಲ್ಲಿ ಶವರ್ ಅಂದ್ರೆ ಬಾತ್‌ರೂಮ್, ಬಾತ್‌ರೂಮ್ ಅಂದ್ರೆ ಟಾಯ್ಲೆಟ್ಟೂ ಇರುತ್ತೆ. ಒಳಗೆ ಹೋದರೆ ಬೀರುವಿನ ಪಕ್ಕ, ಮಂಚದಿಂದ ಎರಡು ಹೆಜ್ಜೆ ದೂರದಲ್ಲಿ, ಒಂದು ಪ್ಲಾಸ್ಟಿಕ್ ಡಬ್ಬಿ ನಿಂತಿದೆ. ಹಳೆ ಟೆಲಿಫೋನ್ ಬೂತ್ ಥರ. ಜಾರುವ ಬಾಗಿಲು, ಕೆಳಗೆ ಬಿಳಿ ತೊಟ್ಟಿ. ಅದೇ ಶವರ್. ಗೋಡೆಗೆ ಒಂದು ವಾಶ್ ಬೇಸಿನ್. ಟಾಯ್ಲೆಟ್ ಎಲ್ಲಿ? ಕಾರಿಡಾರ್ ದಾಟಿ, ಅರ್ಧ ಅಂತಸ್ತು ಕೆಳಗಿಳಿದು, ಐದು ರೂಮಿಗೆ ಸೇರಿ ಒಂದು. ಮಂಡಿ ನೋವಿನವರು ರಾತ್ರಿ ಮೂರು ಸಲ ಹತ್ತಿ ಇಳಿಯಬೇಕು.

ಕೇಳಿದ್ದಕ್ಕೆ ಆ ಅಮ್ಮ ಕನ್ನಡಕ ಏರಿಸಿಕೊಂಡು ನಮ್ಮ ಮೇಲ್‌ನ ಪ್ರಿಂಟ್ ತೆಗೆದರು. ಬೆರಳಿಟ್ಟು ತೋರಿಸಿದರು. "ಶವರ್ ಅಂತ ಬರೆದಿದೆ. ಟಾಯ್ಲೆಟ್ ಅಂತ ಎಲ್ಲಿ ಬರೆದಿದೆ, ತೋರಿಸಿ?"

ತೋರಿಸೋಕೆ ಏನಿತ್ತು? ಇರಲಿಲ್ಲ. 'ಡುಶೆ' ಅಂತ ಮಾತ್ರ ಇದ್ದರೆ ಶವರ್ ಮಾತ್ರ. 'ಡುಶೆ ಉಂಟ್ ವೇತ್ಸೆ', ಅಂದ್ರೆ ಶವರ್ ಮತ್ತು ಟಾಯ್ಲೆಟ್, ಅಥವಾ ಚಿಕ್ಕದಾಗಿ 'DU/WC' ಅಂತ ಇದ್ದರೆ ಮಾತ್ರ ಒಳಗೇ ಟಾಯ್ಲೆಟ್. 'ಔಫ್ ಡೆರ್ ಎಟಾಜೆ' ಅಂದ್ರೆ ಮಹಡಿಗೆಲ್ಲ ಒಂದೇ. 'ಫ್ಲೀಸೆಂಟ್ ವಾಸರ್', ಹರಿಯುವ ನೀರು ಅಂತ ಚೆಂದವಾಗಿ ಬರೆದಿದ್ದರೆ ರೂಮಿನಲ್ಲಿ ಬರೀ ಬೇಸಿನ್ ಇದೆ, ಸ್ನಾನಕ್ಕೂ ಹೊರಗೇ ಹೋಗಬೇಕು ಅಂತ ಅರ್ಥ. ಹಳೆ ಕಟ್ಟಡಗಳಲ್ಲಿ ಇದು ಮಾಮೂಲು, ಕಾನೂನಿಗೂ ಸರಿ. ಆದರೆ ಫೋಟೋದಲ್ಲಿ ಶವರ್ ಡಬ್ಬಿ ಕಾಣದ ಹಾಗೆ ಮಂಚ ಮತ್ತು ಕಿಟಕಿ ಮಾತ್ರ ಹಿಡಿದಿದ್ದರಲ್ಲ, ಅದು ಯಾಕೆ?

ಲಿಫ್ಟ್ ಕಥೆಯೂ ಅದೇ. ಲಿಫ್ಟ್ ಇದೆ ಅಂತ ಬರೆದಿತ್ತು, ಇತ್ತು ಕೂಡ. ರಸ್ತೆ ಕಡೆಯ ಕಟ್ಟಡದಲ್ಲಿ. ನಮ್ಮ ರೂಮು 'ರ್ಯೂಕ್‌ಗೆಬೊಯ್ಡೆ', ಅಂದ್ರೆ ಅಂಗಳದ ಹಿಂದಿನ ಕಟ್ಟಡದ ಮೂರನೇ ಮಹಡಿ. ತಲಾ 23 ಕಿಲೋದ ನಾಲ್ಕು ಸೂಟ್‌ಕೇಸ್ ಹೊತ್ತೇ ಹತ್ತಿಸಿದ್ದು. ಈ ಪದ ವಿಳಾಸದಲ್ಲಿ ಕಂಡರೆ ಲಿಫ್ಟ್ ಯಾವ ಕಟ್ಟಡದಲ್ಲಿದೆ ಅಂತ ಕೇಳಿ.

ಹೊರಟುಬಿಡೋಣ ಅಂತ ಅಲ್ಲೇ ಅನ್ನಿಸಿತು. "ಹೋಗಿ. 90 ಶೇಕಡಾ ಕಟ್ಟಿ ಹೋಗಿ" ಅಂದರು ಮಗ. ಇದು ಬೆದರಿಕೆ ಅಂದುಕೊಂಡೆ, ಅಲ್ಲ. ಜರ್ಮನಿಯಲ್ಲಿ ರೂಮು ಬುಕ್ ಮಾಡಿದರೆ ಅದು ಬಾಡಿಗೆ ಕರಾರು. ಮೇಲ್‌ನಲ್ಲಿ ಹೂಂ ಅಂದರೂ ಕರಾರೇ. ಆನ್‌ಲೈನ್ ಖರೀದಿಗೆ ಇರುವ 14 ದಿನದ ವಾಪಸಾತಿ ಹಕ್ಕು ರೂಮಿಗೆ ಇಲ್ಲ. ಬರದೇ ಹೋದರೂ ಬಾಡಿಗೆ ಕೊಡಬೇಕು, ಅವರಿಗೆ ಉಳಿತಾಯ ಆದ ಖರ್ಚನ್ನ ಕಳೆದು. ಬರೀ ರೂಮಿಗೆ 90, ತಿಂಡಿ ಸೇರಿದ್ದರೆ 80 ಶೇಕಡಾ ಅಂತ ರೂಢಿ. ಆ ರೂಮನ್ನ ಬೇರೆಯವರಿಗೆ ಕೊಟ್ಟು ದುಡ್ಡು ಮಾಡಿಕೊಂಡರೆ ಅದನ್ನ ನಿಮ್ಮ ಲೆಕ್ಕದಲ್ಲಿ ಕಳೆಯಬೇಕು, ಆದರೆ ಅದನ್ನ ಅವರಾಗಿ ಹೇಳ್ತಾರಾ? ಬುಕಿಂಗ್ ಸೈಟಿನಲ್ಲಿ ಉಚಿತ ಕ್ಯಾನ್ಸಲ್ ಅನ್ನೋ ಷರತ್ತು ಸಿಗುತ್ತೆ. ನಾವು ಕಮಿಷನ್ ಉಳಿಸೋಕೆ ಹೋಗಿ ಅದನ್ನೇ ಕಳಕೊಂಡಿದ್ದು. ನೇರವಾಗಿ ಬುಕ್ ಮಾಡೋದಾದರೆ 'ಕೋಸ್ಟನ್‌ಲೋಸ್ ಶ್ಟೋರ್ನಿಯರ್‌ಬಾರ್ ಬಿಸ್', ಅಂದ್ರೆ ಇಂಥ ದಿನದ ತನಕ ಉಚಿತ ಕ್ಯಾನ್ಸಲ್, ಅಂತ ಬರೆದು ಮುಂದೆ ತಾರೀಖು ಹಾಕಿಸಿಕೊಳ್ಳಿ. ತಾರೀಖು ಇಲ್ಲದಿದ್ದರೆ ಅದು ಬರೀ ಮಾತು.

ಇನ್ನು ದುಡ್ಡು ಕೊಟ್ಟ ಕ್ಷಣ. 'ಕಾರ್ಟೆನ್‌ಝಾಲುಂಗ್ ಮೋಗ್ಲಿಶ್', ಕಾರ್ಡ್ ಸಾಧ್ಯ ಅಂತ ಇತ್ತು. ಈ 'ಮೋಗ್ಲಿಶ್' ಅನ್ನೋ ಪದ ನೆನಪಿಡಿ, ಮತ್ತೆ ಬರುತ್ತೆ. ಮಷೀನು ಇತ್ತು, ಕೌಂಟರ್ ಮೇಲೇ ಕೂತಿತ್ತು, ಅದರ ಮೇಲೊಂದು ಚೀಟಿ: ಕೆಟ್ಟಿದೆ. ಚೀಟಿಯ ಅಂಚು ಹಳದಿಯಾಗಿತ್ತು. ಇವತ್ತು ಕೆಟ್ಟ ಮಷೀನಿಗೆ ಅಷ್ಟು ಹಳೆ ಚೀಟಿ ಹೇಗೆ ಬಂತು ಅಂತ ಆಗ ಹೊಳೆಯಲಿಲ್ಲ. ಎಷ್ಟೋ ಕಡೆ ಮಷೀನು ಸರಿಯಿದ್ದರೂ ಜರ್ಮನ್ ಬ್ಯಾಂಕಿನ ಗಿರೊಕಾರ್ಡ್ ಮಾತ್ರ ತಗೋತಾರೆ, ಊರಿಂದ ತಂದ ವೀಸಾ, ಮಾಸ್ಟರ್‌ಕಾರ್ಡ್ ನಡೆಯಲ್ಲ, ಅದೂ ಗೊತ್ತಿರಲಿ. ನಗದು ತರೋಕೆ ಹೋಗೋದಾದರೆ ಬ್ಯಾಂಕಿನ ಎಟಿಎಂ ಹುಡುಕಿ. ಅಂಗಡಿ ಬಾಗಿಲಲ್ಲಿ ನಿಂತಿರುವ ಬ್ಯಾಂಕಲ್ಲದ ಮಷೀನುಗಳು ಶುಲ್ಕ ಹಿಡಿಯುತ್ತವೆ. "ರೂಪಾಯಿಯಲ್ಲಿ ಲೆಕ್ಕ ಹಾಕಲಾ?" ಅಂತಲೂ ಕೇಳುತ್ತವೆ. ಬೇಡ ಅನ್ನಿ, ಯೂರೊ ಅಂತಲೇ ಒತ್ತಿ.

ನಾನು ನಗದು ತರೋಕೆ ಹೋದಾಗ ಹಿರಿಯರ ಎರಡು ಪಾಸ್‌ಪೋರ್ಟು ಗೆಸ್ಟ್‌ಹೌಸ್‌ನ ಅಮ್ಮನ ಡ್ರಾಯರ್ ಸೇರಿದವು. "ದುಡ್ಡು ಬಂದ ಮೇಲೆ ಕೊಡ್ತೀನಿ." ನಾನೂ ಪೆದ್ದನ ಹಾಗೆ ತಲೆಯಾಡಿಸಿ ಹೋದೆ. ದಯವಿಟ್ಟು ಹೀಗೆ ಮಾಡಬೇಡಿ. ವಿದೇಶಿಯರು 'ಮೆಲ್ಡೆಶೈನ್' ಅನ್ನೋ ಫಾರಂ ತುಂಬಿ ಸಹಿ ಹಾಕಿ ಪಾಸ್‌ಪೋರ್ಟ್ ತೋರಿಸಬೇಕು, ಅದು ಕಾನೂನು. ಜರ್ಮನ್ನರಿಗೆ 2025ರ ಜನವರಿ 1ರಿಂದ ಆ ಫಾರಂ ಇಲ್ಲ, ನಮಗೆ ಇದೆ. ಆದರೆ ತೋರಿಸೋದು ಬೇರೆ, ಒತ್ತೆ ಇಡೋದು ಬೇರೆ. ಪಾಸ್‌ಪೋರ್ಟ್ ಭಾರತ ಸರ್ಕಾರದ ಸೊತ್ತು, ಯಾರ ಡ್ರಾಯರಿಗೂ ಅಡಮಾನ ಅಲ್ಲ.

ನಾನು ವಾಪಸ್ ಬಂದಾಗ ಆ ಅಮ್ಮ ರಸೀದಿ ಪುಸ್ತಕ ತೆರೆದು ನೀಲಿ ಪೆನ್ನಲ್ಲಿ ಬರೀತಾ ಹೋದರು. ರೂಮಿನ ಬಾಕಿ 331.80. ಹಾಸಿಗೆ ಹೊದಿಕೆ, ಟವೆಲ್ಲಿಗೆ ತಲಾ 8ರಂತೆ 32. ಕೀಲಿಗೆ 'ಕೌಟ್ಸಿಯೋನ್', ಅಂದ್ರೆ ಠೇವಣಿ, 100. ಆಮೇಲೆ ಒಂದು ಸಾಲು: ಸಿಟಿ ಟ್ಯಾಕ್ಸ್, 4 ಜನ, 3 ರಾತ್ರಿ, 3.50, ಸಮ 42. ಒಟ್ಟು 505.80.

ಸಿಟಿ ಟ್ಯಾಕ್ಸಾ ಅಂದೆ. "ಜರ್ಮನಿಯಲ್ಲಿ ಎಲ್ಲ ಕಡೆ ಇದೆ" ಅಂದರು. ನಾನು ಹೌದಲ್ವಾ ಅಂದುಕೊಂಡೆ. ಬರ್ಲಿನ್‌ನಲ್ಲಿ ಕೊಟ್ಟಿದ್ದು ನೆನಪಿತ್ತು. ಅಲ್ಲೇ ಬೆಪ್ಪಾಗಿದ್ದು.

ಬರ್ಲಿನ್‌ನಲ್ಲಿ ಇದೆ, 2025ರಿಂದ ರೂಮಿನ ಬೆಲೆಯ 7.5 ಶೇಕಡಾ. ಕಲೋನ್‌ನಲ್ಲಿದೆ, ಹ್ಯಾಂಬರ್ಗ್‌ನಲ್ಲಿದೆ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಇಲ್ಲ. ಮ್ಯೂನಿಕ್ ನಗರಸಭೆ 5 ಶೇಕಡಾ ಹಾಕೋಕೆ ಹೊರಟಿತ್ತು, ರಾಜ್ಯ ಸರ್ಕಾರ 2023ರಲ್ಲಿ ಕಾನೂನು ತಂದು ಅದನ್ನ ನಿಷೇಧಿಸಿತು. ನಗರ ಕೋರ್ಟಿಗೆ ಹೋಯ್ತು, 2025ರ ಮಾರ್ಚ್‌ನಲ್ಲಿ ಬವೇರಿಯಾದ ಸಂವಿಧಾನ ನ್ಯಾಯಾಲಯದಲ್ಲಿ ಸೋತಿತು. ಬೆಟ್ಟದ ಕಡೆಯ ಆರೋಗ್ಯಧಾಮದ ಊರುಗಳಲ್ಲಿ 'ಕೂರ್‌ಬೈಟ್ರಾಗ್' ಅಂತ ತಲೆಗಿಷ್ಟು ತಗೋತಾರೆ, ಅದು ಬೇರೆ ವಿಷಯ. ನಗರ ತಾನೇ ಕೋರ್ಟಿಗೆ ಹೋಗಿ ಸೋತ ತೆರಿಗೆಯನ್ನ ಈ ಅಮ್ಮ ನೀಲಿ ಪೆನ್ನಲ್ಲಿ ವಸೂಲಿ ಮಾಡಿದರು!

ಇನ್ನು ತಿಂಡಿ. ನನಗೆ ಹೆಚ್ಚು ಉರಿದಿದ್ದು ಇದೇ. ಮೇಲ್‌ನಲ್ಲಿ 'ಫ್ರೂಶ್ಟುಕ್ ಮೋಗ್ಲಿಶ್', ತಿಂಡಿ ಸಾಧ್ಯ ಅಂತ ಇತ್ತು. ಬೆಳಿಗ್ಗೆ ಕೆಳಗಿಳಿದರೆ ನಮ್ಮ ರೂಮ್ ನಂಬರ್ ಚೀಟಿ ಇಟ್ಟ ಮೇಜು, ನಾಲ್ಕು ತಟ್ಟೆ, ಬುಟ್ಟಿಯಲ್ಲಿ ಸೆಮ್ಮೆಲ್, ಅದೇ ಇಲ್ಲಿಯ ಗುಂಡು ಬನ್ನು. ಜಾಮು, ಚೀಸು, ಬೇಯಿಸಿದ ಮೊಟ್ಟೆ. ಸೊಸೆ ನಗುತ್ತಾ "ಕೂತ್ಕೊಳ್ಳಿ, ಕಾಫಿನಾ ಟೀನಾ" ಅಂದರು. ಮೂರೂ ದಿನ. ಹೊರಡೋ ದಿನ ಠೇವಣಿ ವಾಪಸ್ ಕೇಳಿದರೆ ಅದೇ ಪುಸ್ತಕ, ಅದೇ ಪೆನ್ನು: 12 ಯೂರೊ, 4 ಜನ, 3 ದಿನ, 144. "ನಿಮ್ಮ 100 ಇದೆ. ಇನ್ನು 44 ಕೊಡಿ."

ತಿಂಡಿ ಸೇರಿಲ್ವಾ ಅಂದೆ.

"ಶ್ಟೇಟ್ ಡೊಖ್ ಡ್ರಿನ್." ಬರೆದಿದೆಯಲ್ಲ. ಮತ್ತೆ ಅದೇ ಪ್ರಿಂಟು, ಅದೇ ಬೆರಳು. "ಮೋಗ್ಲಿಶ್. ಸಾಧ್ಯ ಅಂದೆ. ಸೇರಿದೆ ಅಂದೆನಾ?"

ಮೊಟ್ಟೆ ಮುಟ್ಟದವರು, ದಿನಕ್ಕೆ ಎರಡು ಸೆಮ್ಮೆಲ್ಲಿಗೆ ಜಾಮ್ ಸವರಿಕೊಂಡು ತಿಂದವರು, ಮೂರು ದಿನಕ್ಕೆ 36 ಯೂರೊ. ಬೀದಿ ಕೊನೆಯ ಬೇಕರಿಯಲ್ಲಿ ಒಂದು ಸೆಮ್ಮೆಲ್ಲಿಗೆ ಒಂದು ಯೂರೊ ಕೂಡ ಇಲ್ಲ. ತಿಂಡಿ ಬೆಲೆಯಲ್ಲಿ ಸೇರಿದ್ದರೆ 'ಇನ್‌ಕ್ಲೂಸಿವೆ' ಅಂತ ಇರುತ್ತೆ. ಮೋಗ್ಲಿಶ್ ಅಂದ್ರೆ ಬೇರೆ ದುಡ್ಡು. ಪಾರ್ಕಿಂಗ್ ಮೋಗ್ಲಿಶ್, ಹೆಚ್ಚುವರಿ ಮಂಚ ಮೋಗ್ಲಿಶ್, ಎಲ್ಲಕ್ಕೂ ಬೇರೆ ಬೇರೆ ದುಡ್ಡು. ಹಾಕಿದ ಮೇಜಿಗೆ ಕೂರೋ ಮೊದಲು ಕೇಳಿ. ನಾಚಿಕೆ ಬೇಡ.

ಎರಡನೇ ರಾತ್ರಿ ಶವರ್ ತೊಟ್ಟಿಯ ನೀರು ಕಟ್ಟಿಕೊಂಡು ಕಾರ್ಪೆಟ್ಟಿಗೆ ಹರಿದಿತ್ತು. ಬೆಳಿಗ್ಗೆ ಬಾಯಲ್ಲಿ ಹೇಳಿದ್ದೆ. ಕೊನೆಯ ದಿನ ಅದನ್ನ ಎತ್ತಿದರೆ "ನಮಗೆ ಯಾರೂ ಹೇಳಲಿಲ್ಲವಲ್ಲ" ಅಂದರು. ರೂಮಿನಲ್ಲಿ ದೋಷ ಇದ್ದರೆ ಬಾಡಿಗೆ ಕಡಿಮೆ ಮಾಡಿಸೋ ಹಕ್ಕು ಇಲ್ಲಿಯ ಕಾನೂನಿನಲ್ಲೇ ಇದೆ, ಆದರೆ ತಕ್ಷಣ ತಿಳಿಸಿದ್ದಕ್ಕೆ ಸಾಕ್ಷಿ ಬೇಕು. ಫೋಟೋ ತೆಗೆದು ಅದೇ ನಿಮಿಷ ಮೇಲ್ ಮಾಡಿ, ಪಕ್ಕದಲ್ಲೇ ನಿಂತಿದ್ದರೂ.

ಮನೆಗೆ ಬಂದು ಸಿಟಿ ಟ್ಯಾಕ್ಸ್ ವಿಷಯ ತಿಳಿದ ಮೇಲೆ ಫೋನ್ ಮಾಡಿದೆ. ಅಮ್ಮ: "ಲೆಕ್ಕ ಎಲ್ಲ ಮಗ ನೋಡ್ಕೊಳ್ಳೋದು." ಮಗ: "ದುಡ್ಡು ತಗೊಂಡಿದ್ದು ಅಮ್ಮ ತಾನೆ, ಅವರನ್ನೇ ಕೇಳಿ." ಸೊಸೆ ಫೋನ್ ಎತ್ತಿ ಇಟ್ಟುಬಿಟ್ಟರು. ಸರಿ, ತೆರಿಗೆ ನಂಬರ್ ಇರೋ 'ರೆಶ್ನುಂಗ್', ಅಂದ್ರೆ ಬಿಲ್ಲು, ಕೊಡಿ ಅಂತ ಮೇಲ್ ಹಾಕಿದೆ. ಕೈಬರಹದ ರಸೀದಿ ಅದಲ್ಲ. ಆರು ದಿನ ಬಿಟ್ಟು ಟೈಪ್ ಮಾಡಿದ ಬಿಲ್ಲು ಬಂತು. ಅದರಲ್ಲಿ ಸಿಟಿ ಟ್ಯಾಕ್ಸೇ ಇಲ್ಲ! ಅದೇ 42 ಯೂರೊ, ಹೆಸರು ಮಾತ್ರ 'ಸರ್ವಿಸ್‌ಪೌಶಾಲೆ' ಆಗಿತ್ತು, ಸೇವಾ ಶುಲ್ಕ ಅಂತ. ಕೊಡಲೇಬೇಕಾದ ಶುಲ್ಕವನ್ನ ಹೇಳಿದ ಬೆಲೆಯೊಳಗೇ ಸೇರಿಸಿ ತೋರಿಸಬೇಕು ಅಂತ ಇಲ್ಲಿ ನಿಯಮ ಇದೆ. ಅದನ್ನೂ, ನೀಲಿ ಪೆನ್ನಿನ ರಸೀದಿಯ ಫೋಟೋವನ್ನೂ ಸೇರಿಸಿ ಮತ್ತೆ ಬರೆದೆ. ಬಂದ ಉತ್ತರ ಎರಡೇ ಸಾಲು. ದುಡ್ಡು ವಾಪಸ್ 'ಲೈಡರ್ ನಿಶ್ಟ್ ಮೋಗ್ಲಿಶ್', ಕ್ಷಮಿಸಿ, ಸಾಧ್ಯವಿಲ್ಲ. ಮುಂದಿನ ಸಲ ಬಂದರೆ 10 ಶೇಕಡಾ ರಿಯಾಯಿತಿ.

ಮುಂದಿನ ಸಲವಂತೆ! ಫರ್‌ಬ್ರೌಖರ್‌ಝೆಂಟ್ರಾಲೆ, ಅಂದ್ರೆ ಗ್ರಾಹಕ ಸಲಹಾ ಕೇಂದ್ರಕ್ಕೆ ಬರೆದಿದ್ದೀನಿ, ನೋಡೋಣ. ಕಾರ್ಡಿನಲ್ಲಿ ಕೊಟ್ಟಿದ್ದರೆ ಬ್ಯಾಂಕಿನಿಂದ ಚಾರ್ಜ್‌ಬ್ಯಾಕ್, ಅಂದ್ರೆ ಕೊಟ್ಟ ದುಡ್ಡನ್ನ ವಾಪಸ್, ಕೇಳಬಹುದಿತ್ತು, ನಗದಿಗೆ ಅದೂ ಇಲ್ಲ.

ಊರಿಂದ ಮುಂಗಡ ಕಳಿಸೋರಿಗೆ ಇನ್ನೊಂದು. ಬ್ಯಾಂಕ್ ಫಾರಂನಲ್ಲಿ ಶುಲ್ಕ ಯಾರದು ಅಂತ ಕೇಳ್ತಾರೆ. ಇಬ್ಬರಿಗೂ ಹಂಚಿಕೆ ಅಂತ ಹಾಕಿದರೆ ನಡುವಿನ ಬ್ಯಾಂಕು ತನ್ನ ಪಾಲು ಕತ್ತರಿಸಿಕೊಂಡು ಕಡಿಮೆ ದುಡ್ಡು ತಲುಪಬಹುದು. ಆಮೇಲೆ "ನೀವು ಪೂರ್ತಿ ಕಟ್ಟಿಲ್ಲ" ಅನ್ನೋ ಜಗಳ. ಎಲ್ಲ ಶುಲ್ಕ ನಮ್ಮದೇ ಅಂತ ಹಾಕಿ. ಸೆಪ್ಟೆಂಬರ್ ಮೂರನೇ ವಾರದಿಂದ ಅಕ್ಟೋಬರ್ ಮೊದಲ ಭಾನುವಾರದ ತನಕ ಅಕ್ಟೋಬರ್‌ಫೆಸ್ಟ್, ಜಾತ್ರೆಯ ಮೈದಾನ ಈ ಬೀದಿಗಳಿಂದ ನಡೆದು ಹೋಗುವಷ್ಟು ಹತ್ತಿರ. ಆಗಂತೂ ಇವರು ಹೇಳಿದ್ದೇ ರೇಟು. ಆ ಹೊತ್ತಿಗೆ ಈ ಕಡೆ ತಲೆ ಹಾಕಲೇಬೇಡಿ.

ಬುಕ್ ಮಾಡೋ ಮೊದಲು ಮೇಲ್‌ನಲ್ಲಿ ಇಷ್ಟು ಕೇಳಿ, ಉತ್ತರವನ್ನೂ ಮೇಲ್‌ನಲ್ಲೇ ತರಿಸಿಕೊಳ್ಳಿ: ಟಾಯ್ಲೆಟ್ ರೂಮಿನ ಒಳಗಿದೆಯಾ, ಲಿಫ್ಟ್ ನಮ್ಮ ಕಟ್ಟಡದಲ್ಲೇ ಇದೆಯಾ, ಹೊದಿಕೆ, ಟವೆಲ್ಲು, ತಿಂಡಿ ಎಲ್ಲ ಸೇರಿ ಕೊನೆಯ ಬೆಲೆ ಎಷ್ಟು, ವೀಸಾ ಕಾರ್ಡ್ ನಡೆಯುತ್ತಾ, ಯಾವ ತಾರೀಖಿನ ತನಕ ದುಡ್ಡಿಲ್ಲದೆ ಕ್ಯಾನ್ಸಲ್ ಮಾಡಬಹುದು. ಉತ್ತರದಲ್ಲಿ ಎಲ್ಲಾದರೂ 'ಮೋಗ್ಲಿಶ್' ಅಂತ ಕಂಡರೆ, ಎಷ್ಟು ಯೂರೊಗೆ ಅಂತ ಇನ್ನೊಂದು ಮೇಲ್ ಹಾಕಿ.