ಫ್ಯಾಸಿಯಾ ಕೋರ್ಸ್: ಸ್ಟೀಲ್ ಟೂಲ್, ಎಂಎಫ್‌ಆರ್, ಸ್ಟೆಕ್ಕೊ ಮೂರನ್ನೂ ಮಾಡಿ ನೋಡಿದ ಮೇಲೆ

ಬಿಪಿಟಿ (ಫಿಸಿಯೋಥೆರಪಿ ಪದವಿ) ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದವರು ಜಾಸ್ತಿ ಕೇಳುವ ಪ್ರಶ್ನೆ ಇದು: ಫ್ಯಾಸಿಯಾಕ್ಕೆ ಯಾವ ಕೋರ್ಸ್ ಮಾಡ್ಲಿ? ಫ್ಯಾಸಿಯಾ ಅಂದ್ರೆ ಚರ್ಮದ ಕೆಳಗೆ ಸ್ನಾಯುಗಳನ್ನು ಸುತ್ತಿಕೊಂಡಿರುವ ಪೊರೆಯಂಥ ಪದರ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ದುಡ್ಡು ಹೊಂದಿಸಲು ಆಗುತ್ತದೆ ಅಂದ್ರೆ ಸ್ಟೆಕ್ಕೊ ಅವರ ಫ್ಯಾಸಿಯಲ್ ಮ್ಯಾನಿಪ್ಯುಲೇಷನ್ ಮಾಡಿ. ಈಗ ಆಗದಿದ್ದರೆ ಒಂದೆರಡು ವರ್ಷ ಕೂಡಿಟ್ಟು ಅದನ್ನೇ ಮಾಡಿ.

ನನ್ನದು ಮಂಗಳೂರಿನ ಹತ್ತಿರ ಸಣ್ಣ ಕ್ಲಿನಿಕ್. ಬೀಡಿ ಕಟ್ಟುವ ಹೆಂಗಸರು, ಬಸ್ ಡ್ರೈವರ್‌ಗಳು, ಅಡಿಕೆ ತೋಟದವರು ಬರುತ್ತಾರೆ. ಒಬ್ಬರಿಗೆ ಅರ್ಧ ಗಂಟೆ ಕೊಡಬಹುದು, ಅದಕ್ಕಿಂತ ಹೆಚ್ಚಿಲ್ಲ. ಇಲ್ಲಿ ಬರೆದಿದ್ದನ್ನೆಲ್ಲ ಆ ಲೆಕ್ಕದಲ್ಲೇ ಓದಿಕೊಳ್ಳಿ.

ಮೊದಲು ಮಾಡಿದ್ದು ಸ್ಟೀಲ್ ಟೂಲ್‌ನಿಂದ ಚರ್ಮದ ಮೇಲೆ ಉಜ್ಜುವ ಕೋರ್ಸ್, ನಮ್ಮವರು ಐಎಎಸ್‌ಟಿಎಂ ಅನ್ನುವುದು. ವಾರಾಂತ್ಯದಲ್ಲಿ ಮುಗಿಯಿತು. ಫೀಸಿನಲ್ಲೇ ಟೂಲ್ ಕಿಟ್ ಸೇರಿತ್ತು. ಕಿಟ್ ಬೇಡ, ಬರೀ ಪಾಠ ಸಾಕು ಅಂದ್ರೆ ಒಪ್ಪಲಿಲ್ಲ. ಕಲಿಸಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಯಾವ ಟೂಲಿನ ಯಾವ ಅಂಚನ್ನು ಹೇಗೆ ಹಿಡಿಯಬೇಕು ಅನ್ನುವುದೇ. ಎಲ್ಲಿ ಉಜ್ಜಬೇಕು ಅಂತ ಕೇಳಿದರೆ "ನೋವಿದ್ದ ಕಡೆ" ಎಂದರು. ಅದಕ್ಕೆ ಕೋರ್ಸ್ ಯಾಕೆ ಬೇಕು ಅಲ್ವಾ? ಸ್ವಲ್ಪ ಜೋರಾದರೆ ಚರ್ಮದ ಮೇಲೆ ಕೆಂಪು ಚುಕ್ಕಿ ಏಳುತ್ತದೆ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರ ಮೇಲಂತೂ ಇದನ್ನು ಬಳಸಲೇಬಾರದು. ನನ್ನ ಹತ್ತಿರ ಬರುವ ವಯಸ್ಸಾದವರಲ್ಲಿ ಅಂಥವರು ಬಹಳ ಜನ. ಹಿಮ್ಮಡಿ ಮೇಲಿನ ಸ್ನಾಯುರಜ್ಜು ಹಿಡಿದುಕೊಂಡ ಆಟಗಾರರಿಗೆ ಈಗಲೂ ಒಂದು ಟೂಲ್ ತೆಗೆಯುತ್ತೇನೆ. ಉಳಿದವು ಡ್ರಾಯರ್‌ನಲ್ಲಿವೆ.

ಆಮೇಲೆ ಮಯೋಫ್ಯಾಸಿಯಲ್ ರಿಲೀಸ್, ಅಂದ್ರೆ ಎಂಎಫ್‌ಆರ್. ಅಮೆರಿಕದ ಫಿಸಿಯೋಥೆರಪಿಸ್ಟ್ ಜಾನ್ ಬಾರ್ನ್ಸ್ ಬೆಳೆಸಿದ ರೀತಿಯಲ್ಲಿ ಕಲಿಸಿದರು. ಅಂಗೈಯನ್ನು ಮೆತ್ತಗೆ ಚರ್ಮದ ಮೇಲಿಟ್ಟು, ನಿಧಾನಕ್ಕೆ ಎಳೆದು, ತಡೆ ಸಿಕ್ಕಲ್ಲಿ ನಿಲ್ಲಬೇಕು. ಮೂರರಿಂದ ಐದು ನಿಮಿಷ ಹಾಗೇ ಹಿಡಿದಿರಬೇಕು. ಕೈ ಜಾರಬಾರದು. ಅದಕ್ಕೇ ಎಣ್ಣೆ, ಕ್ರೀಮು ಏನೂ ಹಚ್ಚುವಂತಿಲ್ಲ, ಚರ್ಮ ಒಣಗಿರಬೇಕು.

ಎಸಿ ಹಾಲ್‌ನಲ್ಲಿ ಒಬ್ಬರ ಬೆನ್ನಿನ ಮೇಲೆ ಇನ್ನೊಬ್ಬರು ಕಲಿಯುವಾಗ ಇದರಲ್ಲೇನೂ ಕಷ್ಟ ಇರಲಿಲ್ಲ. ನಮ್ಮೂರಿನ ಏಪ್ರಿಲ್ ಸೆಕೆಯಲ್ಲಿ ಪೇಷಂಟ್ ಬಸ್ಸಿಳಿದು ನಡೆದು ಬರುವಷ್ಟರಲ್ಲಿ ಬೆನ್ನು ಒದ್ದೆ. ಅದನ್ನಾದರೂ ಒರೆಸಿ ಫ್ಯಾನ್ ಹಾಕಬಹುದು. ನಿಜವಾದ ತೊಂದರೆ ಎಣ್ಣೆಯದು. ಮೈಕೈ ನೋವು ಅಂದ್ರೆ ನಮ್ಮಲ್ಲಿ ಮೊದಲು ಕೈ ಹೋಗುವುದೇ ಎಣ್ಣೆ ಬಾಟಲಿಗೆ. ತೆಂಗಿನೆಣ್ಣೆ, ಮಹಾನಾರಾಯಣ ತೈಲ, ಅದರ ಮೇಲೆ ಬಾಮ್. "ಎಣ್ಣೆ ಹಾಕಿಯೇ ಬಂದಿದ್ದೇನೆ ಡಾಕ್ಟ್ರೇ, ನಿಮಗೆ ತಿಕ್ಕಲಿಕ್ಕೆ ಸುಲಭ ಆಗ್ಲಿ ಅಂತ" ಎಂದು ಒಬ್ಬ ಅಮ್ಮ ಅಕ್ಕರೆಯಿಂದ ಹೇಳಿದ್ದರು. ಅವರಿಗೆ ಏನಂತ ಹೇಳುವುದು?

ಟವೆಲ್‌ನಲ್ಲಿ ಒರೆಸಿದೆ. ಬಿಸಿನೀರಲ್ಲಿ ಅದ್ದಿ ಒರೆಸಿದೆ. ಪೌಡರ್ ಹಾಕಿದರೆ ಬೆವರು ಸೇರಿ ಮುದ್ದೆಯಾಗುತ್ತದೆ. ಸ್ಪಿರಿಟ್ ಹಾಕಿ ಒರೆಸಿದರೆ ಬಾಮ್ ಹಚ್ಚಿದ ಜಾಗ ಉರಿಯುತ್ತದೆ. ಇಷ್ಟೆಲ್ಲ ಮಾಡಿ ಕೈ ಇಟ್ಟರೆ, ಒಂದು ನಿಮಿಷ ಸರಿಯಾಗಿ ನಿಲ್ಲುತ್ತದೆ, ಆಮೇಲೆ ಅಂಗೈ ಮೆಲ್ಲಗೆ ಸರಿಯತೊಡಗುತ್ತದೆ. ಸರಿಯದಿರಲಿ ಅಂತ ಒತ್ತಿದರೆ, ಮೆತ್ತಗಿರಬೇಕಾದ ಹಿಡಿತ ಬಿಗಿಯಾಗುತ್ತದೆ. ಪೇಷಂಟ್‌ನ ಮೈಯೂ ಬಿಗಿಯುತ್ತದೆ. ಅಲ್ಲಿಗೆ ಕೋರ್ಸಿನಲ್ಲಿ ಕಲಿತ ಕೆಲಸ ಮುಗಿಯಿತು. ಎಣ್ಣೆ ಹಚ್ಚಿಕೊಂಡು ಬರಬೇಡಿ ಅಂತ ಬೋರ್ಡು ಹಾಕಿದೆ, ಫೋನಿನಲ್ಲೂ ಹೇಳಿದೆ. ಆ ದಿನ ಬೆಳಿಗ್ಗೆ ಹಚ್ಚುವುದಿಲ್ಲ, ಹಿಂದಿನ ರಾತ್ರಿ ಹಚ್ಚಿರುತ್ತಾರೆ. ನೋವಿನಲ್ಲಿ ಇರುವವರನ್ನು ಇದಕ್ಕೆ ಬೈಯಲಾಗುವುದಿಲ್ಲ. ಅರ್ಧ ಗಂಟೆಯಲ್ಲಿ ಹತ್ತು ನಿಮಿಷ ಒರೆಸುವುದಕ್ಕೇ ಹೋದರೆ ಉಳಿದ ಸಮಯದಲ್ಲಿ ಮೂರ್ನಾಲ್ಕು ಹಿಡಿತ ಅಷ್ಟೇ.

ಇನ್ನೊಂದು ಮಾತು. ಇಂಥ ಕೋರ್ಸ್‌ಗಳಲ್ಲಿ "ನಾವು ಫ್ಯಾಸಿಯಾ ಹಿಗ್ಗಿಸುತ್ತೇವೆ" ಅನ್ನುತ್ತಾರೆ. 2008ರಲ್ಲಿ ಬಂದ ಒಂದು ಗಣಿತದ ಲೆಕ್ಕಾಚಾರ, ತೊಡೆಯ ಹೊರಭಾಗ ಮತ್ತು ಅಂಗಾಲಿನ ಗಟ್ಟಿ ಫ್ಯಾಸಿಯಾವನ್ನು ಶೇಕಡಾ 1ರಷ್ಟು ಬದಲಿಸಲೂ ಮನುಷ್ಯನ ಕೈಗೆ ಮೀರಿದ ಬಲ ಬೇಕು ಎಂದು ತೋರಿಸಿತು. ನೋವು ಕಡಿಮೆ ಆಗುವುದು ನಿಜ, ನಾನೇ ನೋಡಿದ್ದೇನೆ. ಆದರೆ ಹಿಗ್ಗಿಸಿದ್ದರಿಂದ ಆಯಿತು ಅಂತ ಪೇಷಂಟ್‌ಗೆ ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಈಗ ಸ್ಟೆಕ್ಕೊ. ಇಟಲಿಯ ಫಿಸಿಯೋಥೆರಪಿಸ್ಟ್ ಲುಯಿಜಿ ಸ್ಟೆಕ್ಕೊ ಹಲವು ದಶಕ ಕೂತು ಕಟ್ಟಿದ ಪದ್ಧತಿ. ಮಗಳು ಕಾರ್ಲಾ ಪಾದೋವಾ ವಿಶ್ವವಿದ್ಯಾಲಯದಲ್ಲಿ ಶವಗಳನ್ನು ಬಿಡಿಸಿ ಫ್ಯಾಸಿಯಾದ ಪದರಗಳನ್ನು ಅಧ್ಯಯನ ಮಾಡಿದವರು, ಮಗ ಆಂತೋನಿಯೊ ಕೂಡ ಡಾಕ್ಟರ್. ಪದರಗಳ ನಡುವೆ ಇರುವ ಹಯಲುರೊನಾನ್ ಎಂಬ ಜಾರುವ ವಸ್ತು ಮಂದವಾದರೆ ಅವು ಒಂದರ ಮೇಲೊಂದು ಸರಿದಾಡುವುದಿಲ್ಲ, ಉಜ್ಜಿದಾಗ ಆ ಜಾಗ ಮತ್ತೆ ಸಡಿಲವಾಗುತ್ತದೆ ಅನ್ನುವುದು ಅವರ ವಾದ. ಇದೂ ಪೂರ್ತಿ ಸಾಬೀತಾದದ್ದಲ್ಲ. ಆದರೂ ನನಗೆ ಹಿಡಿಸಿದ್ದು ಅವರು ಪೇಷಂಟ್‌ನನ್ನು ನೋಡುವ ಕ್ರಮ.

ದೇಹವನ್ನು 14 ಭಾಗ ಮಾಡುತ್ತಾರೆ. ಪ್ರತಿ ಭಾಗಕ್ಕೂ 6 ದಿಕ್ಕಿನ ಚಲನೆ. ಈಗಿನ ನೋವು ಬರೆದುಕೊಂಡ ಮೇಲೆ ಹಳೇ ಪೆಟ್ಟು, ಮೂಳೆ ಮುರಿತ, ಆಪರೇಷನ್ ಎಲ್ಲವನ್ನೂ ಕೇಳಬೇಕು. ಆಮೇಲೆ ಚಲನೆ ನೋಡಬೇಕು, ಕೈಯಿಂದ ಮುಟ್ಟಿ ನೋಡಬೇಕು. ಅಷ್ಟಾದ ಮೇಲೇ ಎಲ್ಲಿ ಒತ್ತುವುದು ಅಂತ ತೀರ್ಮಾನ. ನೋವು ಕೀಲಿನಲ್ಲಿ ಇರುತ್ತದೆ, ಒತ್ತುವ ಬಿಂದು ಅದರಿಂದ ದೂರ, ಸ್ನಾಯುವಿನ ದಪ್ಪ ಭಾಗದ ಮೇಲೆ.

ಬೀಡಿ ಕಟ್ಟುವ ಒಬ್ಬ ಅಕ್ಕನಿಗೆ ಬಲಗೈ ಮೇಲೆತ್ತಲು ಆಗುತ್ತಿರಲಿಲ್ಲ. ಭುಜಕ್ಕೆ ಶಾಖ, ವ್ಯಾಯಾಮ ಎಲ್ಲ ಆಗಿತ್ತು. ಫಾರ್ಮ್ ತುಂಬುವಾಗ ಹಳೇ ಪೆಟ್ಟಿನ ಬಗ್ಗೆ ಕೇಳಿದೆ. "ಮಣಿಕಟ್ಟು ಮುರಿದಿತ್ತು, ಅದೆಲ್ಲ ಸರಿ ಆಗಿದೆ" ಎಂದರು. ಮುಂದೋಳಿನ ಬಿಂದುಗಳನ್ನು ಒಂದೊಂದಾಗಿ ನೋಡುತ್ತ ಹೋದೆ. ಹೆಬ್ಬೆರಳ ಕಡೆಯ ಒಂದು ಜಾಗದಲ್ಲಿ ಬೆರಳ ಗೆಣ್ಣಿನ ಕೆಳಗೆ ಮರಳು ಸಿಕ್ಕಿದ ಹಾಗಿತ್ತು. ಒತ್ತಿದ ಕೂಡಲೇ "ಅಯ್ಯೋ, ಭುಜದವರೆಗೆ ಹೋಗ್ತದೆ" ಅಂದರು. ಅಲ್ಲೇ ಮೂರ್ನಾಲ್ಕು ನಿಮಿಷ ಉಜ್ಜಿದೆ. ಮರಳು ಕರಗಿದ ಹಾಗಾಯಿತು. ಕೈ ಎತ್ತಿಸಿದರೆ ಮೊದಲಿಗಿಂತ ಚೆನ್ನಾಗಿ ಮೇಲೆ ಹೋಯಿತು. ಪೂರ್ತಿ ಅಲ್ಲ, ಆದರೆ ಅವರಿಗೇ ಗೊತ್ತಾಗುವಷ್ಟು. ಭುಜವನ್ನು ನಾನು ಇನ್ನೂ ಮುಟ್ಟಿರಲಿಲ್ಲ.

ಎಣ್ಣೆ? ಒತ್ತುವ ಜಾಗ ಒಂದು ನಾಣ್ಯದಷ್ಟು. ಅಷ್ಟನ್ನು ಒರೆಸಿದರೆ ಸಾಕು, ಗೆಣ್ಣು ಅಥವಾ ಮೊಣಕೈ ಕೂರುತ್ತದೆ.

ಕಷ್ಟಗಳೂ ಇವೆ. ಭಾಗಗಳ ಹೆಸರೆಲ್ಲ ಲ್ಯಾಟಿನ್: ಕಾಕ್ಸಾ, ಗೆನು, ಟ್ಯಾಲಸ್, ಪೆಸ್. ಅವುಗಳ ಎರಡೆರಡು ಅಕ್ಷರದ ಗುರುತನ್ನು ಉರು ಹೊಡೆಯಲೇಬೇಕು. ಒತ್ತುವಾಗ ಚೆನ್ನಾಗಿ ನೋಯುತ್ತದೆ, ಮರುದಿನವೂ ನೋವು ಉಳಿಯಬಹುದು. ಅದನ್ನು ಮೊದಲೇ ಹೇಳದಿದ್ದರೆ ಪೇಷಂಟ್ ತಿರುಗಿ ಬರುವುದಿಲ್ಲ. ಹೊಸ ಪೇಷಂಟ್‌ನ ಪರೀಕ್ಷೆಯೇ ಅರ್ಧ ಗಂಟೆ ನುಂಗುತ್ತದೆ, ಹಾಗಾಗಿ ಹೊಸಬರನ್ನು ಮಧ್ಯಾಹ್ನದ ಕೊನೆಗೆ ಹಾಕಿಕೊಳ್ಳುತ್ತೇನೆ.

ಖರ್ಚು ಉಳಿದೆರಡೂ ಕೋರ್ಸ್ ಸೇರಿಸಿದರೂ ಜಾಸ್ತಿ. ಫೀಸು, ಊರು ಬಿಟ್ಟು ಹೋಗಿ ಉಳಿಯುವ ಖರ್ಚು, ಕ್ಲಿನಿಕ್ ಮುಚ್ಚಿದ ದಿನಗಳ ನಷ್ಟ ಎಲ್ಲ ಸೇರುತ್ತದೆ. ಆದರೆ ಹೊಸ ಯಂತ್ರ, ಟೂಲ್ ಏನೂ ಕೊಳ್ಳುವ ಹಾಗಿಲ್ಲ. ಮನೆಗೆ ಹೋಗಿ ನೋಡುವ ಪೇಷಂಟ್‌ಗೂ ಇದೇ ಕೈ, ಇದೇ ಫಾರ್ಮ್.

ಸ್ಪೋರ್ಟ್ಸ್ ಟೀಮಿನ ಜೊತೆ ಇರುವವರಿಗೆ, ಹತ್ತು ನಿಮಿಷದಲ್ಲಿ ಒಬ್ಬರನ್ನು ಮುಗಿಸಬೇಕಾದವರಿಗೆ ಟೂಲ್ ಸರಿಹೋಗಬಹುದು. ಎಸಿ ರೂಮು, ಒಬ್ಬರಿಗೆ ಒಂದು ಗಂಟೆ ಕೊಡುವ ಅನುಕೂಲ ಇದ್ದರೆ ಎಂಎಫ್‌ಆರ್ ಮಾಡಿ. ಮುಟ್ಟಿದರೆ ಬೆಚ್ಚುವಷ್ಟು ನೋವಿರುವವರಿಗೆ ಅದರ ಮೆತ್ತನೆ ಹಿಡಿತವೇ ಒಳ್ಳೆಯದು. ನಾನಂತೂ ಸ್ಟೆಕ್ಕೊ ಎರಡನೇ ಲೆವೆಲ್‌ಗೆ ಈಗಿನಿಂದಲೇ ದುಡ್ಡು ತೆಗೆದಿಡುತ್ತಿದ್ದೇನೆ. ಮಳೆಗಾಲದಲ್ಲಿ ಪೇಷಂಟ್ ಕಡಿಮೆ, ಆಗ ಹೋಗಿ ಬರುವುದು.