ಜ್ವರದ ಜೊತೆ ತೊಡೆ ನೋವಿದ್ದರೆ ಮಸಾಜ್ ಮಾಡಿಸಬೇಡಿ, ದಯವಿಟ್ಟು

ನನ್ನ ತಮ್ಮನಿಗೆ 24 ವರ್ಷ. ಶುಗರ್ ಇಲ್ಲ, ಯಾವ ಚಟವೂ ಇಲ್ಲ, ದಿನಾ ಸಂಜೆ ಕಬಡ್ಡಿ ಆಡುವ ಹುಡುಗ. ಆಟದಲ್ಲಿ ತೊಡೆಗೆ ಪೆಟ್ಟು ಬಿತ್ತು. ಮೂರು ದಿನಕ್ಕೆ ನೋವು ಜಾಸ್ತಿ ಆಯಿತು, ಜೊತೆಗೆ ಸಂಜೆ ಜ್ವರ. ಉಳುಕು ಅಂದುಕೊಂಡು ಊರಿನ ಒಂದು ನೋವು ನಿವಾರಣಾ ಕೇಂದ್ರಕ್ಕೆ ಕರೆದುಕೊಂಡು ಹೋದೆ. ನಾನೇ ಕರೆದುಕೊಂಡು ಹೋದೆ. ಬರೆಯಲೂ ನಾಚಿಕೆ ಆಗುತ್ತದೆ.

"ನರ ಹಿಡ್ಕೊಂಡಿದೆ, ಹತ್ತು ಸಿಟಿಂಗ್ ಬೇಕು" ಅಂದರು. ದಿನ ಬಿಟ್ಟು ದಿನ ಬರಬೇಕು, 6,000 ರೂಪಾಯಿ ಪೂರ್ತಿ ಮೊದಲೇ ಕಟ್ಟಬೇಕು. ಕಟ್ಟಿದೆ. ಜ್ವರದ ವಿಷಯ ಹೇಳಿದರೆ, "ಒಳಗಿನ ಕೆಟ್ಟದ್ದು ಹೊರಗೆ ಬರ್ತಾ ಇದೆ, ಒಳ್ಳೇದೇ" ಅಂದರು. ನಂಬಿದೆ! ಚರ್ಮ ಕೆಂಪಾಗಿರಲಿಲ್ಲ, ಗಾಯ ಇರಲಿಲ್ಲ, ಅದಕ್ಕೇ ನಂಬಿದೆ. ಐದನೇ ಸಲ ಎಣ್ಣೆ ಹಾಕಿ ತಿಕ್ಕುವಾಗ ತಮ್ಮ ಟವೆಲ್ ಕಚ್ಚಿಕೊಂಡು ಅತ್ತ. ತೊಡೆ ಮುಟ್ಟಿ ನೋಡಿದೆ, ಮರದ ಕೊರಡಿನ ಹಾಗೆ ಗಟ್ಟಿ.

ಅವತ್ತು ರಾತ್ರಿ ಚಳಿ ಬಂದು ಹಲ್ಲು ಕಟಕಟ ಅಂದವು. ಆಸ್ಪತ್ರೆಗೆ ಓಡಿದೆವು. ಎಂಆರ್‌ಐ ಮಾಡಿಸಿದರು. ಸ್ನಾಯುವಿನ ಒಳಗೇ ಕೀವು ತುಂಬಿತ್ತು. ಪಯೋಮಯೋಸೈಟಿಸ್ ಅಂತೆ. ಅಪರೂಪದ ಕಾಯಿಲೆ, ಆದರೆ ನಮ್ಮಂಥ ಬಿಸಿ ದೇಶಗಳಲ್ಲಿ ಆರೋಗ್ಯವಾಗಿರುವ ಹುಡುಗರಿಗೂ ಬರುತ್ತದೆ. ಹೆಚ್ಚಾಗಿ ಸ್ಟೆಫೈಲೊಕಾಕಸ್ ಆರಿಯಸ್ ಅನ್ನುವ ಬ್ಯಾಕ್ಟೀರಿಯಾದಿಂದ. ನಮ್ಮ ಮೂಗು, ಚರ್ಮದ ಮೇಲೆ ಸುಮ್ನೆ ಇರುವಂಥದ್ದೇ. ಅದು ರಕ್ತಕ್ಕೆ ಸೇರಿ ಪೆಟ್ಟು ಬಿದ್ದ ಸ್ನಾಯುವಿನಲ್ಲಿ ಕೂತುಬಿಡುತ್ತದೆ. ಆಳದಲ್ಲಿರುವುದರಿಂದ ಶುರುವಿನಲ್ಲಿ ಮೇಲೆ ಏನೂ ಕಾಣುವುದಿಲ್ಲ.

ಕೊಯ್ದು ತೆಗೆದ ಕೀವು ಒಂದು ದೊಡ್ಡ ಲೋಟದಷ್ಟು. "ಇದನ್ನ ತಿಕ್ಕಿದ್ದು ಯಾರು?" ಅಂತ ಸರ್ಜನ್ ಕೇಳಿದರು. ನನ್ನ ಬಾಯಿಂದ ಮಾತೇ ಬರಲಿಲ್ಲ. ಮೊದಲ ವಾರವೇ ಬಂದಿದ್ದರೆ ಬರೀ ಆಂಟಿಬಯಾಟಿಕ್‌ನಲ್ಲಿ ಮುಗಿಯಬಹುದಿತ್ತು ಅಂದರು. ಆ ವಾರ ನಾವು ಎಲ್ಲಿದ್ದೆವು? ಎಣ್ಣೆ ತಿಕ್ಕಿಸುತ್ತಿದ್ದೆವು.

ಕೇಂದ್ರಕ್ಕೆ ಫೋನ್ ಮಾಡಿದೆ. "ನಿಮ್ಮ ತಮ್ಮಂಗೆ ಶುಗರ್ ಇರ್ಬೇಕು, ನೀವು ಮುಚ್ಚಿಟ್ಟಿದ್ದೀರಿ" ಅಂದರು. ರಿಪೋರ್ಟ್ ಕಳಿಸಿದೆ, ಶುಗರ್ ನಾರ್ಮಲ್. ಆಮೇಲೆ, "ನಾವು ಜ್ವರಕ್ಕೆ ಟ್ರೀಟ್‌ಮೆಂಟ್ ಕೊಟ್ಟಿಲ್ವಲ್ಲ ಸಾರ್." ದುಡ್ಡು ಕೇಳಿದರೆ, "ವಾಪಸ್ ಕೊಡಲ್ಲ, ಬಾಕಿ ಐದು ಸಿಟಿಂಗ್ ಮನೇಲಿ ಬೇರೆ ಯಾರಾದ್ರೂ ಮಾಡಿಸ್ಕೊಳ್ಳಿ." ಹುಡುಗ ಆಸ್ಪತ್ರೆಯಲ್ಲಿ ಮಲಗಿದ್ದಾನೆ, ಇವರು ಹೀಗೆ ಹೇಳುತ್ತಾರೆ!

ಒಂದೇ ಜಾಗದಲ್ಲಿ ನೋವು ದಿನದಿನಕ್ಕೆ ಏರುತ್ತಿದ್ದು, ಜೊತೆಗೆ ಜ್ವರ ಇದ್ದರೆ ಯಾರಿಂದಲೂ ತಿಕ್ಕಿಸಬೇಡಿ. ನೇರ ಡಾಕ್ಟರ್ ಹತ್ತಿರ ಹೋಗಿ, ಸ್ಕ್ಯಾನ್ ಬೇಕಾ ಅಂತ ನೀವೇ ಬಾಯಿಬಿಟ್ಟು ಕೇಳಿ. ಪೂರ್ತಿ ದುಡ್ಡು ಮೊದಲೇ ಕೇಳುವವರನ್ನು ನಾನಂತೂ ಇನ್ನು ನಂಬುವುದಿಲ್ಲ.

ತಮ್ಮ ಈಗ ಗೋಡೆ ಹಿಡಿದು ಬಚ್ಚಲವರೆಗೆ ನಡೆಯುತ್ತಾನೆ. ಮಾತ್ರೆ ಇನ್ನೂ ಎರಡು ವಾರ ಇದೆ.